ಎಂಟು ಬೆರಳಿನ ಜಾಗ

ನಮ್ಮ ಮನೆಯಲ್ಲಿ ಒಗೆದ ಜೀನ್ಸ್ ಪ್ಯಾಂಟುಗಳನ್ನು ಬೀರುವಿನೊಳಗೆ ನೇತುಹಾಕುವ ಕೆಲಸ ನನ್ನದು. ನಾನಾಗಿ ಕೇಳಿ ಪಡೆದದ್ದಲ್ಲ. ಬೇರೆ ಯಾರು ಹಾಕಿದರೂ ನಾನು ಸುಮ್ಮನಿರುವುದಿಲ್ಲ ಎಂದು ಮನೆಯವರೆಲ್ಲ ಸೇರಿ ನನ್ನ ತಲೆಗೆ ಕಟ್ಟಿದ್ದು. ಮಗಳು ಸುರುಳಿ ಸುತ್ತಿ ತುರುಕಿದ ಪ್ಯಾಂಟು ಬೀರುವಿನಲ್ಲಿದೆ ಎಂದು ಗೊತ್ತಾದರೆ ನನಗೆ ಊಟ ಸೇರುವುದಿಲ್ಲ. ಕೂತ ಎಲೆಯಿಂದ ಎದ್ದು ಹೋಗಿ, ಅದನ್ನು ಎಳೆದು, ಎರಡು ಸಲ ಕೊಡವಿ, ಹೊಲಿಗೆ ಹೊಂದಿಸಿ ಹಾಕಿ ಬಂದ ಮೇಲೆಯೇ ಮುಂದಿನ ತುತ್ತು. ನನ್ನ ಹೆಂಡತಿ ಇದಕ್ಕೆ ಕೊಳ್ಳೇಗಾಲದ ಗಾಳಿ ಎಂದು ಹೆಸರಿಟ್ಟಿದ್ದಾಳೆ. ಗಾಳಿ ಬಡಿದದ್ದು ನಿಜ, ಅದು ಯಾರಿಂದ ಎಂದು ಮಾತ್ರ ಅವಳಿಗೆ ಪೂರ್ತಿ ಹೇಳಿರಲಿಲ್ಲ.

ಹೋದ ತಿಂಗಳು ಒಂದು ಮದುವೆಗೆಂದು ಕೊಳ್ಳೇಗಾಲಕ್ಕೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ, ನಾನು ಹಿಂದೆ ಅಲ್ಲಿ ಕೆಲಸಕ್ಕಿದ್ದ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬ ಗುರುತು ಹಿಡಿದು ನಿಲ್ಲಿಸಿದ. ಅದೂ ಇದೂ ಮಾತಾಡಿ, ಹೊರಡುವಾಗ, "ಕ್ರಾಫ್ಟ್ ಮೇಷ್ಟ್ರು ಓಗ್ಬುಟ್ರು ಸಾ. ಆಗ್ಲೇ ಆರ್ ತಿಂಗ್ಳಾಯ್ತು. ನಿಮ್ಗೆ ಗೊತ್ತಿರ್ಲಿಲ್ವಾ?" ಎಂದ. ಗೊತ್ತಿರಲಿಲ್ಲ. ಮದುವೆಮನೆಯಲ್ಲಿ ಒಂದು ಕಡೆ ಕೂರಲಾಗಲಿಲ್ಲ. ಎದ್ದೆ, ಕೂತೆ, ಮತ್ತೆ ಎದ್ದೆ. ಆ ಮನುಷ್ಯನಿಗೆ ನಾನು ಒಂದು ಮಾತು ಹೇಳುವುದಿತ್ತು. ಮೂವತ್ತು ವರ್ಷದಿಂದ ಮುಂದಿನ ಸಲ, ಮುಂದಿನ ಸಲ ಎಂದು ತಳ್ಳುತ್ತ ಬಂದಿದ್ದೆ.

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಅಜ್ಜೀಪುರದಿಂದ ಒಂದು ಟ್ರಂಕು ಹೊತ್ತುಕೊಂಡು ಕೊಳ್ಳೇಗಾಲದ ಆ ಹೈಸ್ಕೂಲಿಗೆ ಗುಮಾಸ್ತನಾಗಿ ಬಂದೆ. ಅವರು ಅಲ್ಲಿ ನೇಯ್ಗೆ ಕಲಿಸುವ ಕ್ರಾಫ್ಟ್ ಮೇಷ್ಟ್ರು. ಎತ್ತರದ, ಒಣಕಲು ಮೈ. ಉದ್ದನೆಯ ಬೆರಳುಗಳು ಯಾವಾಗಲೂ ಏನನ್ನಾದರೂ ಮಡಚುತ್ತಿದ್ದವು: ಬಸ್ ಟಿಕೇಟು, ಹಾಜರಿ ಚೀಟಿ, ಮುಖ್ಯೋಪಾಧ್ಯಾಯರ ಸುತ್ತೋಲೆ. ಸಭೆಯಲ್ಲಿ ಕೊನೆಯ ಬೆಂಚಿನ ಹಿಂದೆ ನಿಂತಿರುತ್ತಿದ್ದರು. ಕೂತು ಕಾಫಿ ಕುಡಿದದ್ದನ್ನು ನಾನು ನೋಡಿದ್ದು ಒಂದೇ ಒಂದು ಸಲ, ಅದನ್ನು ಕೊನೆಯಲ್ಲಿ ಹೇಳುತ್ತೇನೆ. ಮಿಕ್ಕಂತೆ ಲೋಟ ಕೈಯಲ್ಲಿ ಹಿಡಿದು ಬಾಗಿಲಿಗೂ ಕಿಟಕಿಗೂ ಓಡಾಡುತ್ತಲೇ ಮುಗಿಸುವರು. ಯಾರಾದರೂ ಕುರ್ಚಿ ತೋರಿಸಿದರೆ, "ಇರ್ಲಿ ಇರ್ಲಿ, ಈಗ ಒಂಟೆ" ಎನ್ನುವರು. ಎಲ್ಲಿಗೂ ಹೊರಟಿರುತ್ತಿರಲಿಲ್ಲ.

ನನಗೆ ರೂಮು ಸಿಗದೆ ವಾರವೆಲ್ಲ ಶಾಲೆಯ ಆಫೀಸಿನ ಬೆಂಚಿನ ಮೇಲೆ ಮಲಗುತ್ತಿದ್ದುದನ್ನು ಕಂಡು ಅವರೇ ಕರೆದರು. ನೇಕಾರರ ಬೀದಿಯ ಹಿಂದಿನ ಓಣಿಯಲ್ಲಿ ಅವರ ಅಪ್ಪನ ಕಾಲದ ಮನೆ, ಒಂದು ಕೋಣೆ, ಒಂದು ಅಡಿಗೆಮನೆ. ಕೋಣೆಯ ನಡುವೆ ಹಿಂದೆ ಮಗ್ಗವಿದ್ದ ಗುಂಡಿಯ ಮೇಲೆ ಹಲಗೆ ಹಾಸಿತ್ತು, ಅದರ ಮೇಲೆ ನನ್ನ ಚಾಪೆ. ಒಪ್ಪಂದ ಒಂದೇ. "ಅವ್ಳು ಬರೋ ಗಂಟ ಇರು. ಅವ್ಳು ಬಂದ್ ದಿವ್ಸ ಟ್ರಂಕು ಎತ್ಕೊ."

ಅವಳು ಎಂದರೆ ಅವರ ಹೆಂಡತಿ. ಅವರೂ ಟೀಚರು. ಬೆಟ್ಟದ ಆಚೆ, ಗೋಬಿ ಎಂಬ ತಮಿಳು ಪೇಟೆಯ ಹತ್ತಿರದ ಒಂದು ಹಳ್ಳಿಯ ಶಾಲೆಯಲ್ಲಿದ್ದರು. ಮದುವೆಯಾದಾಗ ಕೊಳ್ಳೇಗಾಲವೂ ಗೋಬಿಯೂ ಕೊಯಮತ್ತೂರು ಜಿಲ್ಲೆಯವೇ. ಇವತ್ತಲ್ಲ ನಾಳೆ ಇಬ್ಬರಲ್ಲಿ ಒಬ್ಬರಿಗೆ ವರ್ಗವಾದರೆ ಸಂಸಾರ ಒಂದಾಗುತ್ತದೆ ಎಂದು ಇಬ್ಬರೂ ಲೆಕ್ಕ ಹಾಕಿದ್ದರು. ಐವತ್ತಾರನೆಯ ಇಸವಿಯ ನವೆಂಬರ್ ಒಂದರ ಬೆಳಿಗ್ಗೆ ಎದ್ದಾಗ ಗಡಿ ಬದಲಾಗಿ ಗಂಡನ ಶಾಲೆ ಮೈಸೂರು ರಾಜ್ಯದಲ್ಲಿತ್ತು, ಹೆಂಡತಿಯ ಶಾಲೆ ಮದ್ರಾಸು ರಾಜ್ಯದಲ್ಲಿ. ಒಂದು ರಾಜ್ಯದಿಂದ ಇನ್ನೊಂದಕ್ಕೆ ವರ್ಗ ಎಂಬುದು ಇರಲಿಲ್ಲ. ಈಕೆ ತಮ್ಮಂದಿರನ್ನು ಓದಿಸಬೇಕಿತ್ತು, ಈತನ ತಾಯಿ ಹಾಸಿಗೆ ಹಿಡಿದಿದ್ದರು. ಯಾರೂ ಕೆಲಸ ಬಿಡುವ ಹಾಗಿರಲಿಲ್ಲ. ಅರ್ಜಿ ಬರೆದರು, ಮತ್ತೆ ಬರೆದರು. ಬೇಸಿಗೆ ರಜಕ್ಕೊಂದು ಸಲ, ದಸರೆಗೊಂದು ಸಲ ಇವರು ಅಲ್ಲಿಗೆ ಹೋಗಿ ಬರುವುದು. ಆಕೆ ಮಾತ್ರ ಮದುವೆಯ ಮಾರನೆಯ ವರ್ಷದಿಂದ ಇತ್ತ ಬಂದಿರಲಿಲ್ಲ. ಅತ್ತೆ ತೀರಿಕೊಂಡಾಗ ಬಂದವರು ಮೂರನೆಯ ದಿನವೇ ಬಸ್ಸು ಹತ್ತಿದ್ದರು. ಅದನ್ನು ಮೇಷ್ಟ್ರು ಬಂದದ್ದೆಂದು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ.

"ನಾನೆಲ್ಲೂ ಓಗ್ಲಿಲ್ಲ ಕಣಪ್ಪಾ, ನಾ ನಿಂತಿದ್ದ ಊರೇ ಓಯ್ತು" ಎಂದು ನಗುತ್ತಿದ್ದರು. ನಗುವಾಗಲೂ ಬೆರಳುಗಳು ಕಾಗದ ಮಡಚುತ್ತಿದ್ದವು.

ಆ ಮನೆಯಲ್ಲಿ ಒಂದೇ ಒಂದು ಬೀರು. ಗೋಡೆಯೊಳಗೇ ಕಟ್ಟಿದ್ದು, ಎರಡು ಬಾಗಿಲಿನದು, ಎರಡೂವರೆ ಮೊಳ ಅಗಲ. ನಾನು ಹೋದ ದಿನವೇ ಅದನ್ನು ತೆರೆದು ತೋರಿಸಿದರು. ಸರಿಯಾಗಿ ನಡುವೆ ಮೇಲಿಂದ ಕೆಳಗಿನವರೆಗೆ ಸೀಮೆಸುಣ್ಣದ ಗೆರೆ. ಗೆರೆಯ ಎಡಕ್ಕೆ ಖಾಲಿ, ಮೂಲೆಯಲ್ಲಿ ಹಳೆಯ ಪಂಚೆಯ ತುಂಡು ಸುತ್ತಿದ ಒಂದು ಸೀರೆ ಮಾತ್ರ ತೂಗುತ್ತಿತ್ತು. ಬಲಕ್ಕೆ ಅವರ ಬಟ್ಟೆಗಳು. ಬಲಗಡೆಯ ತುದಿಯಲ್ಲಿ ಬೆರಳು ಊರಿ ಅಳೆದು, ಎಂಟು ಬೆರಳು ಅಗಲ ನನಗೆ ಬಿಟ್ಟುಕೊಟ್ಟರು. ಎಡಗಡೆ ಅಷ್ಟೊಂದು ಜಾಗವಿದೆಯಲ್ಲ ಎಂದು ನನ್ನ ಕಣ್ಣು ಹೋದದ್ದನ್ನು ಕಂಡು ಬಾಗಿಲು ಹಾಕಿದರು. ಅದು ಆಕೆಯ ಜಾಗ. ಹದಿನೇಳು ವರ್ಷದಿಂದ ಹಾಗೆಯೇ ಇಟ್ಟಿದ್ದರು.

ಆ ಸೀರೆಯನ್ನು ಅವರೇ ನೇಯ್ದದ್ದು. ಗಡಿ ಬದಲಾದ ಮರುವರ್ಷದ ಬೇಸಿಗೆಯಲ್ಲಿ ಅಪ್ಪನ ಮಗ್ಗದ ಮೇಲೆ ಕೂತು ಎರಡು ತಿಂಗಳು ಕೈಯಾಡಿಸಿದ್ದಂತೆ. ಅದಾದ ಮೇಲೆ ಮಗ್ಗ ಬಿಚ್ಚಿದರು. ಕೆನೆ ಬಣ್ಣದ ಮೈ, ಎರಡು ಬೆರಳು ಜರಿ ಅಂಚು. ಆಕೆ ಈ ಮನೆಗೆ ನೆಲೆಸಲು ಬಂದ ದಿನ ಉಡಬೇಕು, ಅಲ್ಲಿಯವರೆಗೆ ತೋರಿಸುವುದಿಲ್ಲ ಎಂದು ಹಟ. ಕಾಗದದಲ್ಲಿ ಬಣ್ಣ ಬರೆದು ತಿಳಿಸಿದ್ದರು, ಅಷ್ಟೆ. ಪ್ರತಿ ತಿಂಗಳ ಮೊದಲ ಭಾನುವಾರ ಅದನ್ನು ಹೊರಗೆ ತೆಗೆದು, ಹಳೆಯ ಮಡಿಕೆ ಬಿಡಿಸಿ, ಬೇರೆ ಕಡೆ ಮಡಿಕೆ ಮಾಡಿ ಮತ್ತೆ ತೂಗುಹಾಕುವರು. ಒಂದೇ ಕಡೆ ಮಡಿಕೆ ಬಿದ್ದರೆ ರೇಷ್ಮೆ ಅಲ್ಲೇ ಬಿರಿಯುತ್ತದಂತೆ. ಆ ಅರ್ಧ ಗಂಟೆ ನಾನು ಮನೆಯಲ್ಲಿದ್ದರೂ ಇಲ್ಲದ ಹಾಗೆ.

ಜೀನ್ಸ್ ಕಥೆಗೆ ಬರುತ್ತೇನೆ. ಆಗ ತಾನೇ ಒಡೆಯರಪಾಳ್ಯದ ಕಡೆ ಟಿಬೆಟ್‌ನವರು ಬಂದು ನೆಲೆಸುತ್ತಿದ್ದರು. ಅವರಿಗೆ ಹೊರದೇಶದಿಂದ ದಾನವಾಗಿ ಬಂದ ಬಟ್ಟೆಗಳಲ್ಲಿ ಬೇಡವಾದವು ಸುತ್ತಲ ಹಳ್ಳಿಗಳಿಗೆ ಇಳಿಯುತ್ತಿದ್ದವು. ರಾಮಾಪುರದ ನನ್ನ ಗೆಳೆಯನೊಬ್ಬ ಅವರೆಕಾಯಿ ಮೂಟೆ ಕೊಟ್ಟು ಒಂದು ಗಂಟು ಬಟ್ಟೆ ತಂದಿದ್ದ. ಅದರಲ್ಲಿ ಮಡಿಕೆ ಬಿಚ್ಚದ ಒಂದು ಪ್ಯಾಂಟು: ಕಡುನೀಲಿ, ತಾಮ್ರದ ಗುಂಡಿ, ಕಿತ್ತರೂ ಬಾರದ ಹಳದಿ ಹೊಲಿಗೆ. ನನ್ನ ಅಳತೆಗೇ ಹೊಲಿದಂತಿತ್ತು. ಅದನ್ನು ಹಾಕಿಕೊಂಡು ಶಾಲೆಗೆ ಹೋದ ದಿನ ಮುಖ್ಯೋಪಾಧ್ಯಾಯರು ಕನ್ನಡಕ ಏರಿಸಿ, ಇದು ಯಾವ ಲಾರಿಯ ಟಾರ್ಪಾಲು ಎಂದು ಕೇಳಿದರು. ಮೇಷ್ಟ್ರು ನಗಲಿಲ್ಲ. ಹತ್ತಿರ ಬಂದು ಬಗ್ಗಿ, ನನ್ನ ಮೊಣಕಾಲಿನ ಹತ್ತಿರ ಬಟ್ಟೆಯನ್ನು ಬೆರಳಲ್ಲಿ ಹಿಸುಕಿ, "ಹಾಸು ನೀಲಿ, ಹೊಕ್ಕು ಬಿಳಿ. ಒಳ್ಳೇ ನೇಯ್ಗೆ. ಆದ್ರೆ ಮೂರು ಬೆರಳು ತಿಂತದೆ" ಎಂದರು. ಹಾಸು ಎಂದರೆ ಉದ್ದದ ಎಳೆ, ಹೊಕ್ಕು ಅಡ್ಡದ ಎಳೆ; ಮೂರು ಬೆರಳು ಎಂದದ್ದು ಬೀರುವಿನ ಜಾಗದ ಮಾತು.

ಆ ಸಂಜೆಯೇ ಪಾಠ ಶುರುವಾಯಿತು. ಬೀರುವಿನ ಹಿಂದೊಂದು ಮುಂದೊಂದು ಅಡ್ಡಪಟ್ಟಿ ಹೊಡೆದು, ಅವುಗಳ ಮೇಲೆ ಹಿಂದಿನಿಂದ ಮುಂದಕ್ಕೆ ಬೆರಳು ದಪ್ಪದ ಬಿದಿರುಕೋಲುಗಳನ್ನು ಇಟ್ಟಿದ್ದರು. ಬಣ್ಣ ಹಾಕುವವರ ಮನೆಯಲ್ಲಿ ರೇಷ್ಮೆ ನೂಲಿನ ಲಡಿಗಳನ್ನು ಒಣಗಿಸುವುದು ಹಾಗೆಯೇ. ಒಂದು ಕೋಲಿಗೆ ಒಂದು ಪ್ಯಾಂಟು. ಗುಂಡಿ ಹಾಕು, ಎರಡು ಸಲ ಕೊಡವು, ಎರಡೂ ಕಾಲನ್ನು ಒಂದರ ಮೇಲೊಂದು ಇಟ್ಟು ಮೊಣಕಾಲಿನಿಂದ ಕೆಳಕ್ಕೆ ಅಂಗೈಯಲ್ಲಿ ಸವರು. ಕೋಲಿನ ಮೇಲೆ ಮಡಚಿ ಇಳಿಬಿಡು. ಒಂದರ ಸೊಂಟ ಎಡಕ್ಕೆ ಬಂದರೆ ಮುಂದಿನದರ ಸೊಂಟ ಬಲಕ್ಕೆ. ದಪ್ಪದ ಪಕ್ಕದಲ್ಲಿ ತೆಳು ಬರಬೇಕು. ಜೀನ್ಸಿನದು ಕಷ್ಟ, ಅದರ ಹೊಲಿಗೆಯೇ ಹಗ್ಗದ ಹಾಗೆ. ಅದಕ್ಕೆ ಒಂದು ಕಾಲನ್ನು ಅರ್ಧ ಬೆರಳು ಸರಿಸಿ ಇಡಬೇಕು.

"ಒಲಿಗೆ ಮ್ಯಾಲೆ ಒಲಿಗೆ ಕೂರ್ಬಾರ್ದು" ಎನ್ನುವರು. ಇದನ್ನು ಎಷ್ಟು ಸಲ ಕೇಳಿದ್ದೇನೋ. ನಾನು ಹಾಕಿದ್ದನ್ನು ತೆಗೆದು ಬೀಳಿಸಿ ಮತ್ತೆ ಹಾಕಿಸುವರು. ನಾಲ್ಕನೆಯ ಸಲಕ್ಕೆ ಮೂರು ಬೆರಳಿನ ಪ್ಯಾಂಟು ಎರಡು ಬೆರಳಿಗೆ ಇಳಿಯಿತು. ಅವರ ಮುಖದಲ್ಲಿ ಅಂಥ ಸಂತೋಷ ನಾನು ಶಾಲೆಯಲ್ಲಿ ಕಂಡಿರಲಿಲ್ಲ. ಒಂದು ಬೆರಳು ಉಳಿಯಿತು, ಅವಳ ಒಂದು ರವಿಕೆಗೆ ಆಯ್ತು ಎಂದರು. ಆಗ ನನಗೆ ನಗು ಬಂದಿತ್ತು.

ಈ ಜಾಗ ಉಳಿಸುವ ಹುಚ್ಚು ಮನೆಯೊಳಗಿನದಷ್ಟೇ ಆಗಿರಲಿಲ್ಲ. ಒಮ್ಮೆ ಹನೂರಿನಲ್ಲಿ ಪರೀಕ್ಷೆಯ ಕೆಲಸಕ್ಕೆ ಆರು ಜನ ಒಂದೇ ಕೋಣೆಯಲ್ಲಿ ಉಳಿದಿದ್ದೆವು. ಗೋಡೆಗಿದ್ದದ್ದು ಒಂದೇ ಮೊಳೆ. ಯಾರ ಬಟ್ಟೆ ಎಲ್ಲಿಡುವುದು ಎಂದು ನಾವು ಜಗಳಕ್ಕೆ ಬೀಳುವಷ್ಟರಲ್ಲಿ ಇವರು ಹಗ್ಗ ಕಟ್ಟಿ, ಕೋಲು ಹುಡುಕಿ ತಂದು, ಆರೂ ಜನರ ಪ್ಯಾಂಟುಗಳನ್ನು ಕಿಟಕಿಯ ಒಂದು ಪಕ್ಕಕ್ಕೆ ಒತ್ತಾಗಿ ತೂಗುಹಾಕಿದ್ದರು. ಬೆಳಿಗ್ಗೆ ಎಲ್ಲರದ್ದೂ ಇಸ್ತ್ರಿ ಮಾಡಿದ ಹಾಗಿತ್ತು. ವಿಜ್ಞಾನದ ಮೇಷ್ಟ್ರು ಅವರ ಕೈ ಹಿಡಿದು, ನಮ್ಮ ಮನೆಗೂ ಒಂದು ಸಲ ಬನ್ನಿ ಎಂದು ಕರೆದರು.

ಇನ್ನೊಂದು ಸಲ ಯಳಂದೂರಿನ ಪಕ್ಕದ ಹೊನ್ನೂರಿಗೆ, ಸಹೋದ್ಯೋಗಿಯೊಬ್ಬರ ಮನೆಯ ಊಟಕ್ಕೆ ಹೋಗಿದ್ದೆವು. ಗದ್ದೆ ಕೊಯ್ಲು ಮುಗಿದು ಹೊಸ ಅಕ್ಕಿಯ ಪಾಯಸ ಮಾಡಿದ್ದರು. ಎಲೆಗೆ ಅನ್ನ ಬೀಳುವ ಹೊತ್ತಿಗೆ ಇವರು ಎದ್ದರು. ಯಜಮಾನರು ಗಾಬರಿಯಾಗಿ, "ಏನಾಯ್ತು ಸಾ, ಯಾಕ್ ಎದ್ರಿ?" ಎಂದು ಹಿಂದೆಯೇ ಬಂದರು. ಏನೂ ಇಲ್ಲ, ಈಗ ಬಂದೆ ಎಂದು ಹೇಳಿ ಬಿರಬಿರನೆ ಯಳಂದೂರಿನ ದಾರಿ ಹಿಡಿದರು. ಗೋಬಿ, ಸತ್ಯಮಂಗಲದ ಕಡೆಯಿಂದ ಬರುವ ಬಸ್ಸು ಆ ಹೊತ್ತಿಗೆ ಯಳಂದೂರು ದಾಟುತ್ತಿತ್ತು. ಆಕೆ ಬರುವುದಾಗಿ ಬರೆದಿರಲಿಲ್ಲ, ಬರುವ ಸೂಚನೆಯೂ ಇರಲಿಲ್ಲ. ಆದರೂ ಆ ಬಸ್ಸು ತಮ್ಮ ಪಕ್ಕದಲ್ಲೇ ಹಾದುಹೋಗುವಾಗ ತಾವು ಊಟಕ್ಕೆ ಕೂತಿರುವುದು ಅವರಿಂದ ಆಗುತ್ತಿರಲಿಲ್ಲ. ಒಂದು ಗಂಟೆ ಬಿಟ್ಟು ಬೆವರು ಒರೆಸಿಕೊಳ್ಳುತ್ತ ಬಂದು, ತಣ್ಣಗಾದ ಅನ್ನವನ್ನು ನಿಂತೇ ಉಂಡರು. ನನಗೆ ಸಿಟ್ಟು ಬಂದಿತ್ತು. ಇವರ ಹೆಂಡತಿ ಬರಲಿ, ಇಲ್ಲವೆ ಇವರು ಮರೆಯಲಿ ಎಂದು ಮನಸ್ಸಿನಲ್ಲೇ ಬೈದುಕೊಂಡೆ.

ಆಕೆ ಬರುವ ಕಾಗದ ನಿಜವಾಗಿ ಬಂದದ್ದು ಅದರ ಮುಂದಿನ ಮಳೆಗಾಲದ ಕೊನೆಯಲ್ಲಿ. ತಮ್ಮಂದಿರು ಒಂದು ನೆಲೆಗೆ ಬಂದಿದ್ದರು. ಇಪ್ಪತ್ತು ವರ್ಷದ ಸರ್ವೀಸು ಮುಗಿದಿತ್ತು, ಅಷ್ಟಕ್ಕೇ ನಿವೃತ್ತಿ ಬೇಡಿ ಕೆಲಸ ಬಿಟ್ಟಿದ್ದರು. ಬರುವ ಶನಿವಾರ ಹೊರಡುತ್ತೇನೆ, ಇನ್ನು ವಾಪಸು ಹೋಗುವುದಿಲ್ಲ ಎಂದು ಬರೆದಿದ್ದರು. ಮೇಷ್ಟ್ರು ಆ ಕಾಗದವನ್ನು ಮಡಚಲಿಲ್ಲ. ಬಿಡಿಸಿದ್ದನ್ನು ಹಾಗೆಯೇ ಕಿಟಕಿಯ ಮೇಲೆ ಇಟ್ಟರು. ಅವರ ಗ್ರಹಚಾರಕ್ಕೆ ಅದೇ ವಾರ ಹನೂರಿನಲ್ಲಿ ಮರುಪರೀಕ್ಷೆಯ ಕೆಲಸ ಬಿದ್ದಿತ್ತು. ಸೋಮವಾರ ಹೋಗಿ ಶುಕ್ರವಾರ ಸಂಜೆ ಬರುವುದು. ಹೊರಡುವಾಗ ಬೀರು ತೆಗೆದು ನೋಡಿ, ಮುಚ್ಚಿ, ಮತ್ತೆ ತೆಗೆದು ನೋಡಿ, "ನೀನು ಶನಿವಾರ ಮಧ್ಯಾನ್ಕೆ ಖಾಲಿ ಮಾಡು. ಬೇಜಾರ್ ಮಾಡ್ಕಬೇಡ" ಎಂದರು. ಬೇಜಾರಿನ ಮಾತೆಲ್ಲಿ, ನನಗೂ ಉಸಿರು ಬಂದಂತಾಗಿತ್ತು.

ಆ ಸೋಮವಾರ ಇಡೀ ದಿನ ಜಡಿಮಳೆ. ಶಾಲೆಯಿಂದ ಬರುವಾಗ ಜೀನ್ಸ್ ತೊಯ್ದು ಮೂಟೆಯಾಗಿತ್ತು. ಅಡಿಗೆಮನೆಯಲ್ಲಿ ಒಲೆಯ ಹತ್ತಿರ ಹರವಿದೆ. ಮಂಗಳವಾರ ಮಧ್ಯಾಹ್ನ ಮುಟ್ಟಿ ನೋಡಿದರೆ ಕಾಲುಗಳು ಒಣಗಿದ್ದವು. ನಾನು ಎರಡು ದಿನಕ್ಕೆ ಊರಿಗೆ ಹೊರಟಿದ್ದೆ. ಹೊರಗೆ ಬಿಟ್ಟು ಹೋದರೆ ಮುಗ್ಗಲು ವಾಸನೆ. ನನ್ನ ಎಂಟು ಬೆರಳು ಒತ್ತಾಗಿ ತುಂಬಿತ್ತು, ಅಲ್ಲಿ ಗಾಳಿಯಾಡುವುದಿಲ್ಲ. ಎಡಗಡೆ ಅಷ್ಟೂ ಬಯಲು, ಸೀರೆಯ ಕೋಲಿನ ಪಕ್ಕದಲ್ಲಿ ಒಂದು ಖಾಲಿ ಕೋಲು. ಎರಡು ದಿನಕ್ಕೆ ಏನು ಮಹಾ ಎಂದುಕೊಂಡೆ. ಅವರು ಹೇಳಿಕೊಟ್ಟ ಹಾಗೆಯೇ, ಗುಂಡಿ ಹಾಕಿ, ಕೊಡವಿ, ಸವರಿ, ಹೊಲಿಗೆ ಮೇಲೆ ಹೊಲಿಗೆ ಕೂರದ ಹಾಗೆ ತೂಗುಹಾಕಿದೆ. ಅಷ್ಟು ಚೆನ್ನಾಗಿ ನಾನು ಯಾವತ್ತೂ ಹಾಕಿರಲಿಲ್ಲ. ಮೇಷ್ಟ್ರು ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದರು ಎಂದು ಅನ್ನಿಸಿತು. ಬೀರುವಿನ ಬಾಗಿಲು ಒತ್ತಿ ಮುಚ್ಚಿ ಅಜ್ಜೀಪುರದ ಬಸ್ಸು ಹತ್ತಿದೆ.

ಗುರುವಾರ ಬೆಳಿಗ್ಗೆ ಬಂದು ತೆರೆದಾಗ ಸೀರೆಗೆ ಸುತ್ತಿದ್ದ ಪಂಚೆಯ ತುಂಡಿನ ಮೇಲೆ ಅಂಗೈ ಅಗಲ ನೀಲಿ. ಪ್ಯಾಂಟು ಇಳಿಸಿ ಹಿಸುಕಿದೆ. ಕಾಲು ಒಣಗಿದ್ದ ಪ್ಯಾಂಟಿನ ಸೊಂಟ ಒಳಗೊಳಗೇ ಹಸಿಯಿತ್ತು. ನಾಲ್ಕು ಪದರದ ಆ ಪಟ್ಟಿ ಎರಡು ದಿನ ಸೀರೆಗೆ ಒತ್ತಿಕೊಂಡು ತೂಗಿತ್ತು. ಪಂಚೆ ಬಿಡಿಸಿದೆ. ಕೆನೆ ಬಣ್ಣದ ರೇಷ್ಮೆಯ ಮೇಲೆ, ಮಡಿಕೆ ಮಡಿಕೆಗೂ ಇಳಿದು, ಒಂಬತ್ತು ಕಡೆ ನೀಲಿ ಕಲೆ. ತಾಮ್ರದ ಗುಂಡಿಯ ಗುಂಡನೆಯ ಗುರುತು ಕೂಡ ಬಿದ್ದಿತ್ತು.

ನಾಡಿದ್ದು ಶನಿವಾರ. ಹದಿನೆಂಟು ವರ್ಷ ಕಾಯ್ದ ಸೀರೆ. ಮುಖ ತೊಳೆಯದೆ, ಏನೂ ತಿನ್ನದೆ, ಅದನ್ನು ಕಂಕುಳಲ್ಲಿ ಅವುಚಿಕೊಂಡು ಓಣಿಯ ತುದಿಯ ಬಣ್ಣದ ಚಿಕ್ಕಣ್ಣನ ಮನೆಗೆ ಓಡಿದೆ. ಮೂರು ತಲೆಮಾರಿನಿಂದ ರೇಷ್ಮೆಗೆ ಬಣ್ಣ ಹಾಕುವ ಮನೆ. ಅಂಗಳದಲ್ಲಿ ಲಡಿಗಳು ಸಾಲಾಗಿ ತೂಗುತ್ತಿದ್ದವು. ಚಿಕ್ಕಣ್ಣ ಸೀರೆಯನ್ನು ಬೆಳಕಿಗೆ ಹಿಡಿದು, ಎಂಜಲು ಹಚ್ಚಿ ಉಜ್ಜಿ, ಮೂಸಿ ನೋಡಿದ. ಇದು ಯಾರದ್ದು ಎಂದು ಕೇಳಲಿಲ್ಲ. ಆ ಬೀದಿಯಲ್ಲಿ ಆ ಸೀರೆಯ ವಿಷಯ ಗೊತ್ತಿಲ್ಲದವರು ಯಾರು.

"ಬಿಡಿಸೋಕೋದ್ರೆ ರೇಷ್ಮೆ ಸತ್ತೋಯ್ತದೆ ಕಣ್ಲಾ" ಎಂದ. "ಎರಡ್ ದಾರಿ ಅದೆ. ಓಗಿ ಅವ್ರ್ ಕಾಲಿಗ್ ಬೀಳು. ಇಲ್ಲಾ, ಮೈಯೆಲ್ಲಾ ನೀಲಿ ಆಕುಸ್ಕೊ."

ಕಾಲಿಗೆ ಬೀಳಬೇಕಿತ್ತು. ಹನೂರಿನ ಬಸ್ಸು ಗಂಟೆಗೊಂದಿತ್ತು. ಚಿಕ್ಕಣ್ಣನ ಅಂಗಳದಲ್ಲಿ ಮೂರು ಸುತ್ತು ತಿರುಗಿದೆ. ಕಲೆ ಬಿದ್ದ ಸೀರೆ ಹಿಡಿದು ಅವರ ಮುಂದೆ ನಿಲ್ಲುವುದು ನನ್ನಿಂದ ಆಗುತ್ತಿರಲಿಲ್ಲ. ಹೇಡಿಯ ಹಾಗೆ, ಹಾಕಿಬಿಡು ಎಂದೆ. ಚಿಕ್ಕಣ್ಣ ಒಲೆ ಉರಿ ಮಾಡಿದ. ಜರಿ ಅಂಚಿಗೆ ಬಟ್ಟೆ ಸುತ್ತಿ ದಾರ ಬಿಗಿದು, ಸೀರೆಯನ್ನು ಹಂಡೆಗೆ ಇಳಿಸಿದ. ಕೋಲಿನಿಂದ ತಿರುವುತ್ತ, "ಈ ನೇಯ್ಗೆ ಈಗ್ ಯಾರೂ ನೇಯಲ್ಲ" ಎಂದು ಒಂದು ಸಲ ಹೇಳಿದ. ಆ ಮಾತು ನನ್ನನ್ನು ಚುಚ್ಚಿತು. ಅವನಿಗೆ ಚುಚ್ಚುವ ಉದ್ದೇಶವಿತ್ತು.

ಶುಕ್ರವಾರ ಮಧ್ಯಾಹ್ನಕ್ಕೆ ಸೀರೆ ಕೈಗೆ ಬಂತು. ಕಡುನೀಲಿ, ಜರಿಯ ಹೊಳಪು ಒಂದು ಚೂರು ಮಂಕಾಗಿತ್ತು. ಹೊಸ ಪಂಚೆಯ ತುಂಡು ಸುತ್ತಿ, ಅದೇ ಕೋಲಿಗೆ, ಅವರು ಇಟ್ಟಿದ್ದ ಎತ್ತರಕ್ಕೇ ತೂಗುಹಾಕಿದೆ. ಸಂಜೆ ಅವರು ಬಂದರು. ಬೀರು ತೆಗೆಯಲಿಲ್ಲ. ಮನೆ ಗುಡಿಸಿದರು, ಕಿಟಕಿ ಒರೆಸಿದರು, ಒಂದು ಬೆಂಚು ಎರವಲು ತಂದು ಗೋಡೆಗೆ ಹಾಕಿದರು, ಅದನ್ನು ಎದುರು ಗೋಡೆಗೆ ಹಾಕಿದರು, ಮತ್ತೆ ಮೊದಲಿನ ಗೋಡೆಗೇ ತಂದರು. ನಾನು ಹಿಂದೆ ಹಿಂದೆ ತಿರುಗುತ್ತ, ಹೇಳಲು ಬಾಯಿ ತೆರೆದು, ಪೊರಕೆ ತೆಗೆದುಕೊಳ್ಳಲೇ, ನೀರು ತರಲೇ ಎಂದು ಬೇರೇನನ್ನೋ ಕೇಳುತ್ತ ಹೊತ್ತು ಕಳೆದೆ. ಇಬ್ಬರೂ ಕೂರಲಿಲ್ಲ.

ಶನಿವಾರ ಬೆಳಗಿನಿಂದ ಅವರು ಬಸ್‌ಸ್ಟ್ಯಾಂಡಿನಲ್ಲಿ. ಮೂರು ಗಂಟೆಯ ಹೊತ್ತಿಗೆ ಇಬ್ಬರೂ ಬಂದರು. ಆಕೆ ಗಿಡ್ಡಗೆ, ತಲೆ ಅರ್ಧ ನರೆತು, ಕನ್ನಡಕ. ಒಂದು ಚೀಲ, ಒಂದು ಹಳೆಯ ಸೂಟ್‌ಕೇಸು, ಅಷ್ಟೇ. ನಾನು ಟ್ರಂಕಿಗೆ ಬಟ್ಟೆ ತುಂಬುತ್ತಿದ್ದೆ. ನನ್ನ ಎಂಟು ಬೆರಳಿನಲ್ಲಿ ಇನ್ನೂ ಜೀನ್ಸ್ ಒಂದು ತೂಗುತ್ತಿತ್ತು. ಆಕೆ ನನ್ನನ್ನು ನೋಡಿ, ನಿಮ್ಮನ್ನ ಓಡಿಸಿದ ಹಾಗಾಯ್ತು ಎಂದು ಸಂಕೋಚಪಟ್ಟರು. ಮೇಷ್ಟ್ರಿಗೆ ತಡೆಯಲಾಗಲಿಲ್ಲ. ಆಕೆಯ ಕೈಯಿಂದ ಚೀಲ ಕೆಳಗಿಡಿಸುವ ಮೊದಲೇ ಬೀರುವಿನ ಎರಡೂ ಬಾಗಿಲು ತೆರೆದರು. ಎಡಗಡೆಯ ಖಾಲಿ ಜಾಗವನ್ನು ಕೈ ಬೀಸಿ ತೋರಿಸಿದರು. ಕೋಲಿನಿಂದ ಸೀರೆ ಇಳಿಸಿ ಪಂಚೆಯ ತುಂಡು ಬಿಡಿಸಿದರು.

ಒಂದು ಕ್ಷಣ ಅವರ ಕೈ ನಿಂತಿತು. ಹೆಬ್ಬೆರಳಿನಿಂದ ಅಂಚಿನ ಒಳಮಡಿಕೆ ಸವರಿದರು. ದಾರ ಬಿಗಿದಿದ್ದ ಕಡೆ ಗುಂಡುಸೂಜಿ ತಲೆಯಷ್ಟು ಕೆನೆ ಬಣ್ಣ ಉಳಿದಿತ್ತು. ಆಮೇಲೆ ತಲೆ ಎತ್ತಿ, ಬೀರುವಿನ ಬಲ ತುದಿಯಲ್ಲಿದ್ದ ನನ್ನ ಜೀನ್ಸ್ ನೋಡಿದರು. ನನ್ನನ್ನು ನೋಡಲಿಲ್ಲ. ನಾನು ಗೋಡೆಗೆ ಒರಗಿ ನಿಂತೆ.

ಆಕೆ ಕನ್ನಡಕ ಸರಿಮಾಡಿಕೊಂಡು ಸೀರೆಯ ಮೇಲೆ ಕೈಯಾಡಿಸಿದರು. "ಕೆನೆ ಬಣ್ಣ ಅಂತ ಬರ್ದಿದ್ರಲ್ಲ" ಎಂದರು. "ಆ ಕಾಗ್ದ ಇನ್ನೂ ನನ್ ಅತ್ರನೇ ಅದೆ."

ಮೇಷ್ಟ್ರು ಸುಳ್ಳು ಹೇಳಿದ್ದನ್ನು ನಾನು ಕೇಳಿರಲಿಲ್ಲ. ಹಾಜರಿ ಪುಸ್ತಕದಲ್ಲಿ ಐದು ನಿಮಿಷ ತಡವಾದರೆ ಐದು ನಿಮಿಷ ಎಂದೇ ಬರೆಯುವ ಮನುಷ್ಯ. "ಬರ್ದಿದ್ದೆ" ಎಂದರು. "ನೀ ಬರೋದು ತಡ ಆಯ್ತಲ್ಲ. ಕೆನೆ ಬಣ್ಣ ಮಡಿಕೇಲಿ ಮಾಸೋಕ್ ಶುರುವಾಯ್ತು. ಅದ್ಕೆ ನಾನೇ ನೀಲಿ ಆಕುಸ್ದೆ. ಸೆರಿ ಇಲ್ವಾ?"

"ಸೆರಿಯಾಗೇ ಅದೆ" ಎಂದರು ಆಕೆ. "ಈ ನರೆತ ತಲೆಗೆ ಕೆನೆ ಬಣ್ಣ ಯಾಕೆ." ಸೀರೆಯನ್ನು ಎತ್ತಿಕೊಂಡು ಅಡಿಗೆಮನೆಯ ಕಡೆ ಹೋದರು.

ನಾನು ಟ್ರಂಕು ಮುಚ್ಚುವಾಗ ಅವರೇ ನನ್ನ ಜೀನ್ಸ್ ಇಳಿಸಿ ತಂದರು. ಎರಡು ಸಲ ಕೊಡವಿ, ಮಡಚಿ, ಟ್ರಂಕಿನ ಮೇಲ್ಭಾಗದಲ್ಲಿ ಇಟ್ಟರು. ಬೀದಿಯ ಬಾಗಿಲಿನವರೆಗೆ ಬಂದರು. ಈಗ ಕೇಳುತ್ತಾರೆ, ಈಗ ಬೈಯುತ್ತಾರೆ ಎಂದು ನಾನು ಕಾದೆ. ಬೈದಿದ್ದರೆ ಇವತ್ತಿಗೆ ಮರೆತಿರುತ್ತಿದ್ದೆ.

"ಒಣಗೈತಾ ಅಂತ ಕಾಲು ಮುಟ್ಟಿ ನೋಡ್ಬೇಡ" ಎಂದರು. "ಸೊಂಟಪಟ್ಟಿ ಮುಟ್ಟಿ ನೋಡು. ನಾನೇ ಏಳ್ಕೊಟ್ಟಿರ್ಲಿಲ್ಲ, ಮರ್ತೋಗಿತ್ತು."

ಅಷ್ಟು ಹೇಳಿ ಒಳಗೆ ಹೋದರು. ತಪ್ಪನ್ನು ತಮ್ಮ ಪಾಠದ ಲೆಕ್ಕಕ್ಕೆ ಹಾಕಿಕೊಂಡು ಹೋಗಿಬಿಟ್ಟರು. ತಪ್ಪಾಯಿತು ಎಂದು ನನ್ನ ಬಾಯಿಗೆ ಬಂದ ಮಾತು ಅಲ್ಲೇ ಉಳಿಯಿತು. ಟ್ರಂಕು ಹೆಗಲಿಗೆ ಏರಿಸಿ ಓಣಿಯಲ್ಲಿ ನಾಲ್ಕು ಹೆಜ್ಜೆ ಹೋದವನು, ತಡೆಯಲಾರದೆ ಕಿಟಕಿಯ ಹತ್ತಿರ ವಾಪಸು ಬಂದೆ. ಆಕೆ ನೀಲಿ ಸೀರೆ ಉಟ್ಟು ಕಾಫಿ ತಂದಿದ್ದರು. ಮೇಷ್ಟ್ರು ಲೋಟ ತೆಗೆದುಕೊಂಡರು. ಎರವಲು ಬೆಂಚಿನ ಮೇಲೆ ಕೂತರು. ಗೋಡೆಗೆ ಬೆನ್ನು ಕೊಟ್ಟು, ಎರಡೂ ಕಾಲು ನೀಡಿ, ಒಂದೊಂದೇ ಗುಟುಕು ಕುಡಿದರು. ಬಾಗಿಲ ಕಡೆ ನೋಡಲಿಲ್ಲ. ಲೋಟ ಖಾಲಿಯಾಗುವವರೆಗೆ ಏಳಲೇ ಇಲ್ಲ.

ಮುಂದಿನ ವರ್ಷ ನನಗೆ ಬೇರೆ ಜಿಲ್ಲೆಗೆ ವರ್ಗವಾಯಿತು. ಅದಾದ ಮೇಲೆ ಅವರನ್ನು ಮೂರು ನಾಲ್ಕು ಸಲ ನೋಡಿದೆ, ಮದುವೆಗಳಲ್ಲಿ, ಒಮ್ಮೆ ಬಸ್ಸಿನಲ್ಲಿ. ಪ್ರತಿ ಸಲವೂ ಪಕ್ಕದಲ್ಲಿ ಯಾರೋ ಇದ್ದರು, ಅಥವಾ ಇದ್ದರೆಂದು ನಾನು ನೆಪ ಮಾಡಿಕೊಂಡೆ. ಅವರ ಚಡಪಡಿಕೆ ಆ ಶನಿವಾರ ಅವರನ್ನು ಬಿಟ್ಟು ನನಗೆ ಹತ್ತಿತು. ಹೋದ ತಿಂಗಳು ಕೊಳ್ಳೇಗಾಲದಿಂದ ಬಂದವನು ಚಪ್ಪಲಿ ಬಿಟ್ಟು ನೇರ ಬೀರುವಿನ ಹತ್ತಿರ ಹೋದೆ. ಮಗಳ ಜೀನ್ಸ್‌ಗಳನ್ನೆಲ್ಲ ಇಳಿಸಿ, ಕೊಡವಿ, ಹೊಲಿಗೆ ಸರಿಸಿ ಮತ್ತೆ ತೂಗುಹಾಕಿದೆ. ಹೆಂಡತಿ ಕಾಫಿ ತಂದು, ಮೊದಲು ಕೂತು ಕುಡಿಯಿರಿ ಎಂದಳು. ಇರು, ಈಗ ಬಂದೆ ಎಂದು ಒಂದೊಂದರ ಸೊಂಟಪಟ್ಟಿಯನ್ನೂ ಬೆರಳಲ್ಲಿ ಹಿಸುಕಿ ನೋಡಿದೆ. ಎಲ್ಲವೂ ಒಣಗಿದ್ದವು. ಆದರೂ ಇನ್ನೊಂದು ಸಲ ಮೊದಲಿನಿಂದ ಮುಟ್ಟಿ ನೋಡಿದೆ.